ಕಾಗದವಿಲ್ಲದ ನೆಲ: ಬ್ರಿಟಿಷ್ ಆಡಳಿತದ ಒಂದು ಉಳಿಕೆ



1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೆಯ ಕಲಮನ್ನು ಓದಿದವರು ನಮ್ಮಲ್ಲಿ ಕಡಿಮೆ. ರಸ್ತೆ, ಹೊಳೆ, ಹಳ್ಳ, ಕೆರೆಗಳನ್ನು ಹೆಸರಿಸಿದ ಮೇಲೆ ಅದು, ಬೇರೆಯವರ ಸ್ವತ್ತಲ್ಲದ ಎಲ್ಲ ಜಮೀನೂ ಸರ್ಕಾರಕ್ಕೆ ಸೇರಿದ್ದು ಎನ್ನುತ್ತದೆ. ಆ ಜಮೀನು ನನ್ನದು ಎಂದು ಯಾರಾದರೂ ತಕರಾರು ತೆಗೆದರೆ ವಿಚಾರಣೆ ನಡೆಸಿ ತೀರ್ಮಾನ ಕೊಡುವವರು ಜಿಲ್ಲಾಧಿಕಾರಿ, ಅಂದರೆ ಸರ್ಕಾರದ್ದೇ ಅಧಿಕಾರಿ. ತೀರ್ಮಾನ ಒಪ್ಪದವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಇದರ ಜಾಡು ಹಿಡಿದು ಹಿಂದಕ್ಕೆ ನಡೆದರೆ 1879ರ ಮುಂಬಯಿ ಭೂಕಂದಾಯ ಸಂಹಿತೆಯ 37ನೆಯ ಕಲಮು ಸಿಗುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಒಂದನ್ನು ನೋಡಿ ಇನ್ನೊಂದನ್ನು ಬರೆದದ್ದು ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ. ಸ್ವಾತಂತ್ರ್ಯ ಬಂದು 17 ವರ್ಷವಾದ ಮೇಲೆ, ನಮ್ಮದೇ ಶಾಸನಸಭೆ ಇದನ್ನು ಅಂಗೀಕರಿಸಿತು.

ಬ್ರಿಟಿಷ್ ಆಳ್ವಿಕೆಯ ಉಳಿಕೆ ಎಂದರೆ ರೈಲು, ಅಂಚೆ, ಇಂಗ್ಲಿಷ್, ನ್ಯಾಯಾಲಯ ಎಂದು ಮಾತು ಹರಡುತ್ತದೆ. ಅಷ್ಟು ದೂರ ಹೋಗುವ ಶಕ್ತಿ ನನಗಿಲ್ಲ, ಸಮಯವೂ ಇಲ್ಲ. ಈ ಒಂದು ಕಲಮಿನ ಹಿಂದೆ ಮುಂದೆ ಓಡಾಡುವುದಷ್ಟೇ ಇವತ್ತಿನ ನನ್ನ ಕೆಲಸ. ಮೊದಲು ಸರ್ವೆ ಮತ್ತು ದಾಖಲೆಯ ಕಥೆ ಹೇಳುತ್ತೇನೆ. ಎರಡನೆಯದು ಕಾಡು, ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕೊನೆಗೆ, 1947ರ ನಂತರ ನಾವು ಏನನ್ನು ಬದಲಿಸಿದೆವು, ಏನನ್ನು ಹಾಗೆಯೇ ಇಟ್ಟುಕೊಂಡೆವು ಎಂಬುದನ್ನು ನೋಡೋಣ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ವಸಾಹತು ಆಡಳಿತ ಬಿಟ್ಟುಹೋದದ್ದರಲ್ಲಿ ಇಂದಿಗೂ ಬಡವರ ಬದುಕಿಗೆ ನೇರವಾಗಿ ತಟ್ಟುವುದು, ಕಾಗದ ತೋರಿಸಲಾಗದ ನೆಲ ಸರ್ಕಾರದ್ದೇ ಎಂಬ ಎಣಿಕೆ. ಹಕ್ಕನ್ನು ರುಜುವಾತು ಮಾಡುವ ಹೊರೆ ಊರಿನವರ ಮೇಲೆ. ಸರ್ಕಾರ ತನ್ನ ಹಕ್ಕನ್ನು ಯಾರಿಗೂ ರುಜುವಾತು ಮಾಡಬೇಕಾಗಿಲ್ಲ.

ಸರ್ವೆಯ ವಿಷಯಕ್ಕೆ ಬರೋಣ. ಭೂಮಿ ಅಳೆಯುವುದನ್ನು, ಕಂದಾಯ ಕಟ್ಟುವುದನ್ನು ಇಂಗ್ಲಿಷರು ನಮಗೆ ಕಲಿಸಲಿಲ್ಲ. ಕೆಳದಿಯ ಶಿವಪ್ಪನಾಯಕ 17ನೆಯ ಶತಮಾನದಲ್ಲಿ ಜಾರಿಗೆ ತಂದ ಶಿಸ್ತು ಎಂಬ ಕಂದಾಯ ವ್ಯವಸ್ಥೆ ಮಲೆನಾಡಿನ ಮನೆಮನೆಯ ಮಾತಾಗಿತ್ತು. ಹಳೆಯ ಅರಸರ ಕಾಲದಲ್ಲಿ ರೈತ ಸುಖವಾಗಿದ್ದ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ತೆರಿಗೆಯ ಕಾಟಕ್ಕೆ ಊರಿಗೆ ಊರೇ ಗುಳೆ ಎದ್ದು ಹೋದ ಉದಾಹರಣೆಗಳು ನಮ್ಮ ಚರಿತ್ರೆಯಲ್ಲಿ ಬೇಕಾದಷ್ಟಿವೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕರಾವಳಿಯ ಕನ್ನಡ ಜಿಲ್ಲೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಅಲ್ಲಿಗೆ ಮೊದಲ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಕರಾವಳಿಯಲ್ಲಿ ಜಮೀನನ್ನು ಜನ ಮಾರುತ್ತಿದ್ದರು, ಅಡವಿಡುತ್ತಿದ್ದರು, ಮಕ್ಕಳಿಗೆ ಬಿಟ್ಟುಹೋಗುತ್ತಿದ್ದರು. ಅದಕ್ಕೆ ಹಳೆಯ ಲೆಕ್ಕಪತ್ರಗಳೂ ಇದ್ದವು. ಇಲ್ಲಿ ಭೂಮಿ ಖಾಸಗಿ ಸ್ವತ್ತು ಎಂದು ಮನ್ರೋ ಮೇಲಿನವರಿಗೆ ವರದಿ ಕಳಿಸಿದ. ಮುಂದೆ ಬಳ್ಳಾರಿ ಸೇರಿದ್ದ ದತ್ತ ಮಂಡಲಗಳಲ್ಲಿ 1807ರವರೆಗೆ ಕೆಲಸ ಮಾಡಿ, 1820ರಲ್ಲಿ ಮದ್ರಾಸಿನ ಗವರ್ನರಾಗಿ, ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದ. ನಡುವೆ ಜಮೀನ್ದಾರನಿಲ್ಲದೆ ಪ್ರತಿ ರೈತನ ಜೊತೆ ಸರ್ಕಾರ ನೇರವಾಗಿ ಲೆಕ್ಕ ಮಾಡಿಕೊಳ್ಳುವುದು ಅದರ ತಿರುಳು. ಬಂಗಾಳದ ಜಮೀನ್ದಾರಿಗೆ ಹೋಲಿಸಿದರೆ ನಮ್ಮ ಕಡೆಯ ರೈತನಿಗೆ ಇದು ಎಷ್ಟೋ ಮೇಲಾಗಿತ್ತು. ಆದರೆ ಸರ್ಕಾರ ಮತ್ತು ಒಂಟಿ ರೈತ, ಇಬ್ಬರೇ ಎದುರಾಬದುರಾಗಿ ನಿಂತಾಗ ಊರು ಎಂಬ ಮೂರನೆಯ ಪಕ್ಷಕ್ಕೆ ಲೆಕ್ಕದಲ್ಲಿ ಜಾಗ ಉಳಿಯಲಿಲ್ಲ.

ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡದ ಕಡೆ ಈ ಕೆಲಸ ಇನ್ನೂ ಬಿಗಿಯಾಗಿ ನಡೆಯಿತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು 1830ರ ದಶಕದಲ್ಲಿ ಪುಣೆಯ ಕಡೆ ಆರಂಭಿಸಿದ ಸರ್ವೆ ಪದ್ಧತಿಯನ್ನು ಮುಂದಿನ ದಶಕದಲ್ಲಿ ವಿಂಗೇಟ್ ನಮ್ಮ ಸೀಮೆಗೆ ತಂದ. 33 ಅಡಿಯ ಸರಪಳಿ, ಒಂದು ಸರಪಳಿ ಉದ್ದಗಲದ ಗುಂಟೆ, 40 ಗುಂಟೆಗೆ ಒಂದು ಎಕರೆ. ಮಣ್ಣಿನ ಆಳ ಬಣ್ಣ ನೋಡಿ ಆಣೆ ಲೆಕ್ಕದಲ್ಲಿ ದರ್ಜೆ. ಮೂವತ್ತು ವರ್ಷಕ್ಕೆ ಬದಲಾಗದ ಆಕಾರ, ಅಂದರೆ ಕಂದಾಯದ ದರ. ಮೈಸೂರು ಸೀಮೆಯಲ್ಲಿ ಸರ್ವೆ 1863ರಲ್ಲಿ ಶುರುವಾಯಿತು. ಇವತ್ತಿಗೂ ಅಣ್ಣತಮ್ಮಂದಿರ ನಡುವೆ ಬದುವಿನ ಜಗಳ ಬಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕುತ್ತೇವೆ, ಟಿಪ್ಪಣಿ ಮತ್ತು ಆಕಾರಬಂದ್ ತೆಗೆಸುತ್ತೇವೆ. ಅಂದು ನೆಟ್ಟ ಕಲ್ಲು ಹುಡುಕುತ್ತೇವೆ. ಎಷ್ಟೋ ಬಡ ರೈತರ ಜಮೀನು ಬಲಾಢ್ಯರ ಪಾಲಾಗದೆ ಉಳಿದದ್ದು ಆ ಕಲ್ಲಿನಿಂದ. ಈ ಉಪಕಾರವನ್ನು ಹೇಳದೆ ಮುಂದೆ ಹೋದರೆ ನಾನು ಅಪ್ರಾಮಾಣಿಕನಾಗುತ್ತೇನೆ.

ಆದರೆ ಆ ಸರ್ವೆ ಯಾರನ್ನು ನೋಡಲಿಲ್ಲ ಎಂಬುದನ್ನೂ ಕೇಳಬೇಕು. ಅದು ನೆಲವನ್ನು ಅಳೆದದ್ದು ಕಂದಾಯಕ್ಕಾಗಿ. ಕಂದಾಯ ಕೊಡದ ಚೂರು ಪುಸ್ತಕದಲ್ಲಿ ಖರಾಬು ಎಂದು ಬಿತ್ತು. ಖಾತೆಯಲ್ಲಿ ಬರೆದದ್ದು ಕಂದಾಯ ಕಟ್ಟುವವನ ಹೆಸರು. ಅವನ ಕೈಕೆಳಗೆ ಗೇಣಿಗೆ ಉಳುತ್ತಿದ್ದವನ ಹೆಸರು, ಗದ್ದೆಯ ಕೆಲಸವನ್ನೆಲ್ಲ ಹೊತ್ತಿದ್ದ ಹೊಲೆಯ ಮಾದಿಗರ ಹೆಸರು, ಮನೆಯ ಹೆಂಗಸರ ಹೆಸರು ಅಲ್ಲಿ ಬರಲಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿ ಗೊಬ್ಬರ ಕೊಟ್ಟು ಮುಂದಿನ ಊರಿಗೆ ಹೋಗುವ ಕುರುಬರಿಗೆ ಯಾವ ಸರ್ವೆ ನಂಬರೂ ಇರಲಿಲ್ಲ.

ಕಾಗದ ಕೇಳುವ ಈ ಹೊಸ ಪದ್ಧತಿ ದೊಡ್ಡವರನ್ನೂ ಬಿಡಲಿಲ್ಲ. 1852ರ ಕಾಯ್ದೆಯಿಂದ ಬಲ ಪಡೆದ ಇನಾಂ ಆಯೋಗ ಮುಂಬಯಿ ಪ್ರಾಂತದಲ್ಲಿ ಇನಾಂದಾರರ ಸನದುಗಳನ್ನು ತರಿಸಿ ಪರಿಶೀಲಿಸಿತು. ಸಮಾಧಾನವಾಗುವ ಪುರಾವೆ ಸಿಗದ ಕಡೆ ಇನಾಂ ರದ್ದಾಯಿತು. 1858ರಲ್ಲಿ ನರಗುಂದದ ಬಾಬಾಸಾಹೇಬರು ದಂಗೆ ಎದ್ದದ್ದಕ್ಕೆ ದತ್ತು ಸ್ವೀಕಾರಕ್ಕೆ ಒಪ್ಪಿಗೆ ಸಿಗದ ನೋವು ಒಂದು ಕಾರಣ. ಆ ದಂಗೆಯಲ್ಲಿ ಹತನಾದ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹಿಂದೆ ಇದೇ ಇನಾಂ ಆಯೋಗದ ಅಧಿಕಾರಿಯಾಗಿದ್ದ ಎಂಬುದನ್ನೂ ಮರೆಯಬಾರದು.

ಈಗ ಕಾಡಿನ ಕಡೆ ತಿರುಗೋಣ. ನನ್ನ ವಿಷಯದ ಹೃದಯ ಇಲ್ಲಿದೆ.

ಸಹ್ಯಾದ್ರಿಯ ಜನ ಕಾಡನ್ನು ಒಂದೇ ರೀತಿಯಲ್ಲಿ ಬಳಸುತ್ತಿರಲಿಲ್ಲ. ಸೊರಬ, ಸಾಗರ, ಸಿದ್ದಾಪುರದ ಕಡೆ ಕಾನು ಇತ್ತು. ದಟ್ಟ ನಿತ್ಯಹರಿದ್ವರ್ಣದ ತುಂಡು. ಅದರೊಳಗೆ ದೇವರು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಬೈನೆ, ಹೊಳೆಯ ಮೂಲ. ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಬೆಟ್ಟ ಇತ್ತು. ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನ ಸುತ್ತ ನೂರು ಗಜದ ಕುಮ್ಕಿ, ಕೊಡಗಿನಲ್ಲಿ ಗದ್ದೆಗೆ ಅಂಟಿದ ಬಾಣೆ. ಇಳಿಜಾರಿನಲ್ಲಿ ಕುಣಬಿಗಳು, ಹಾಲಕ್ಕಿಗಳು, ಕರೆ ಒಕ್ಕಲಿಗರು ಕುಮರಿ ಮಾಡುತ್ತಿದ್ದರು. ಸಣ್ಣ ಮರ ಕಡಿದು ಒಣಗಿಸಿ ಸುಟ್ಟು, ಮೊದಲ ಮಳೆಗೆ ರಾಗಿ ಬಿತ್ತಿ, ಒಂದೆರಡು ಬೆಳೆ ತೆಗೆದು, ಆ ಜಾಗವನ್ನು ಹತ್ತಾರು ವರ್ಷ ಕಾಡಿಗೇ ಬಿಡುವ ಬೇಸಾಯ ಅದು.

1856ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಕನಾಗಿ ನೇಮಕವಾದ ಹ್ಯೂ ಕ್ಲೆಗಾರ್ನ್ ಕುಮರಿಯನ್ನು ಕಾಡಿನ ಶತ್ರು ಎಂದೇ ಕಂಡ. 1860ರಲ್ಲಿ ಮದ್ರಾಸ್ ಸರ್ಕಾರ ಅಪ್ಪಣೆಯಿಲ್ಲದೆ ಕುಮರಿ ಮಾಡುವುದನ್ನು ನಿಷೇಧಿಸಿತು. ಅದೇ ಕಾಲಕ್ಕೆ ದಾಂಡೇಲಿಯ ತೇಗ ಹಡಗಿಗೂ ರೈಲು ಹಳಿಗೂ ಬೇಕಾಗಿತ್ತು. ಕಾಡನ್ನು ಉಳಿಸುವ ಕಾಳಜಿ, ಮರವನ್ನು ಒಯ್ಯುವ ಆಸೆ ಎರಡೂ ಒಂದೇ ಕಚೇರಿಯಲ್ಲಿ, ಎಷ್ಟೋ ಸಲ ಒಂದೇ ಅಧಿಕಾರಿಯ ಮನಸ್ಸಿನಲ್ಲಿ ಇದ್ದವು. ಕಾಡು ಹಾಳಾಗುತ್ತಿದೆ ಎಂಬ ಕ್ಲೆಗಾರ್ನನ ಆತಂಕ ನಿಜವಾದದ್ದೇ. ಆದರೆ ಹಾಳು ಮಾಡಿದವರ ಪಟ್ಟಿಯಲ್ಲಿ ಕುಣಬಿಗೆ ಮೊದಲ ಸ್ಥಾನ, ಸ್ಲೀಪರ್ ಗುತ್ತಿಗೆದಾರನಿಗೆ ಕೊನೆಯ ಸ್ಥಾನ ಸಿಕ್ಕಿದ್ದು ಅನ್ಯಾಯ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಧಾರವಾಡದ ಹತ್ತಿ ಕಾರವಾರ ಬಂದರಿನ ಮೂಲಕ ಲ್ಯಾಂಕಷೈರಿಗೆ ಹೋಗಬೇಕು ಎಂಬ ವ್ಯಾಪಾರಿಗಳ ಒತ್ತಾಯ ಅದರ ಹಿಂದಿತ್ತು. ಒಂದು ಜಿಲ್ಲೆಯ ಜನ ಯಾವ ಕಾನೂನಿನ ಕೆಳಗೆ ಬದುಕಬೇಕು ಎಂಬುದು ಹತ್ತಿಯ ಮೂಟೆಯಿಂದ ನಿರ್ಧಾರವಾಯಿತು.

1864ರಲ್ಲಿ ಅರಣ್ಯ ಇಲಾಖೆ ಹುಟ್ಟಿತು. ಜರ್ಮನಿಯ ಡೀಟ್ರಿಕ್ ಬ್ರಾಂಡಿಸ್ ಅದರ ಮೊದಲ ಮುಖ್ಯಸ್ಥ. 1865ರಲ್ಲಿ ಒಂದು ಕಾಯ್ದೆ ಬಂತು, 1878ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು. ಈ ಎರಡರ ನಡುವೆ ನಡೆದ ವಾದವನ್ನು ವಿದ್ಯಾರ್ಥಿಗಳು ಓದಬೇಕು. ಬೇಡನ್ ಪೊವೆಲ್ ಎಂಬ ಅಧಿಕಾರಿ, ಬರಹದಲ್ಲಿ ಕೊಟ್ಟ ಹಕ್ಕು ಮಾತ್ರ ಹಕ್ಕು, ಉಳಿದದ್ದೆಲ್ಲ ಸರ್ಕಾರ ಇಷ್ಟು ದಿನ ಸಹಿಸಿಕೊಂಡ ರೂಢಿ, ಅದನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು ಎಂದು ವಾದಿಸಿದ. ಬ್ರಾಂಡಿಸ್ ಅಷ್ಟು ದೂರ ಹೋಗಲು ಒಪ್ಪಲಿಲ್ಲ. ಊರಿನವರ ರೂಢಿಯ ಹಕ್ಕಿಗೂ ಊರಕಾಡಿಗೂ ಜಾಗ ಇರಬೇಕು ಎಂದ. 1868ರಲ್ಲಿ ಸೊರಬದ ಕಾನುಗಳ ಬಗ್ಗೆ ವರದಿ ಬರೆದವರಲ್ಲಿ ಅವನೂ ಒಬ್ಬ. ಮದ್ರಾಸಿನ ಕಂದಾಯ ಮಂಡಳಿ ಇನ್ನೂ ಗಟ್ಟಿಯಾಗಿ ಮಾತಾಡಿತು. ತನ್ನ ಪ್ರಾಂತದ ಕಾಡುಗಳು ಒಂದಲ್ಲ ಒಂದು ಹಳ್ಳಿಯ ಎಲ್ಲೆಯೊಳಗೇ ಇವೆ, ಅವನ್ನು ಸರ್ಕಾರದ ಖಾಸಾ ಸ್ವತ್ತು ಎಂದು ಹೇಳುವುದಕ್ಕೆ ಆಧಾರವಿಲ್ಲ ಎಂಬುದು ಅದರ ನಿಲುವು. ಹೀಗೆ ಬ್ರಿಟಿಷ್ ಆಡಳಿತದೊಳಗೇ ಮೂರು ದಾರಿಗಳಿದ್ದವು. ಗೆದ್ದದ್ದು ಬಹುಮಟ್ಟಿಗೆ ಬೇಡನ್ ಪೊವೆಲ್‌ನ ದಾರಿ. ನಮಗೆ ಉಳಿಕೆಯಾಗಿ ಬಂದದ್ದೂ ಅದೇ.

1878ರ ಕಾಯ್ದೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಆ ಯಂತ್ರ ಇನ್ನೂ ತಿರುಗುತ್ತಿದೆ. ಒಂದು ಪ್ರದೇಶವನ್ನು ಮೀಸಲು ಅರಣ್ಯ ಮಾಡುವ ಇರಾದೆಯನ್ನು ಸರ್ಕಾರ ಮೊದಲು ಪ್ರಕಟಿಸುತ್ತದೆ. ಒಬ್ಬ ಅರಣ್ಯ ವ್ಯವಸ್ಥಾಪನಾಧಿಕಾರಿ ಬರುತ್ತಾನೆ. ಮೂರು ತಿಂಗಳಿಗೆ ಕಡಿಮೆಯಿಲ್ಲದ ಒಂದು ಅವಧಿ ಗೊತ್ತುಮಾಡಿ, ಹಕ್ಕಿದ್ದವರು ಅರ್ಜಿ ಕೊಡಿ ಎಂದು ಸಾರಿಸುತ್ತಾನೆ. ಆ ಅವಧಿಯಲ್ಲಿ ಕೇಳದ ಹಕ್ಕು ಸತ್ತುಹೋಗುತ್ತದೆ. ಓದು ಬರಹ ಇಲ್ಲದ ಕುಣಬಿ ಕುಟುಂಬಕ್ಕೆ, ವರ್ಷದ ಅರ್ಧ ದನದ ಹಿಂದೆ ನಡೆಯುವ ಗೌಳಿಗೆ ಆ ಡಂಗುರ ಕೇಳಿಸಿತೆ? ಕೇಳಿಸಿದರೂ, ಹನ್ನೆರಡು ವರ್ಷಕ್ಕೊಮ್ಮೆ ಸರದಿ ಬರುವ ಗುಡ್ಡದ ಮೇಲಿನ ಹಕ್ಕನ್ನು ಅವರು ಯಾವ ಕಾಗದದಿಂದ ತೋರಿಸಬೇಕಿತ್ತು?

ಪಡೆದವರೂ ಇದ್ದರು ಎಂಬುದನ್ನು ಮರೆಮಾಚಬಾರದು. ಅಡಿಕೆ ತೋಟದ ಒಡೆಯರಿಗೆ ಬರೆಯಲು ಬರುತ್ತಿತ್ತು, ಅರ್ಜಿ ಹಾಕಲು ಬರುತ್ತಿತ್ತು, ಅವರು ಕಟ್ಟುವ ಕಂದಾಯ ಸರ್ಕಾರಕ್ಕೆ ಬೇಕಿತ್ತು. ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಸೊಪ್ಪಿನ ಬೆಟ್ಟ ಅವರಿಗೆ ದಕ್ಕಿತು. ಕುಮರಿಯವರಿಗೆ ದಕ್ಕಿದ್ದು ಕೂಲಿ. ಒಂದೇ ಕಾನೂನು ಒಂದೇ ಕಾಡಿನಲ್ಲಿ ಬೇರೆ ಬೇರೆ ಜಾತಿಗಳಿಗೆ ಬೇರೆ ಬೇರೆ ಫಲ ಕೊಟ್ಟದ್ದನ್ನು ನಮ್ಮ ಮಲೆನಾಡಿನ ಚರಿತ್ರೆಕಾರರು ಇನ್ನೂ ಸಾಕಷ್ಟು ಬರೆದಿಲ್ಲ ಎಂಬುದು ನನ್ನ ಅನಿಸಿಕೆ.

ಜನ ಸುಮ್ಮನಿರಲಿಲ್ಲ. 1930ರಿಂದ ಕಾನೂನುಭಂಗ ಚಳವಳಿ ಉತ್ತರ ಕನ್ನಡಕ್ಕೆ ಬಂದಾಗ ಉಪ್ಪಿನ ಜೊತೆಗೆ ಕಾಡೂ ಸತ್ಯಾಗ್ರಹದ ವಸ್ತುವಾಯಿತು. ಅಂಕೋಲ, ಸಿದ್ದಾಪುರಗಳ ಕರನಿರಾಕರಣೆಯಲ್ಲಿ ರೈತರು ಜಮೀನು, ದನಕರು, ಪಾತ್ರೆಪಗಡ ಜಪ್ತಿಗೆ ಕೊಟ್ಟು ಜೈಲಿಗೆ ಹೋದರು. ಮೈಸೂರು ಸಂಸ್ಥಾನದಲ್ಲಿ 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ನೇತೃತ್ವದಲ್ಲಿ ಜನ ಈಚಲ ಮರ ಕಡಿದು ಅರಣ್ಯ ಕಾನೂನನ್ನು ಮುರಿದರು. 1930 ಎಂಬ ಇಸವಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಅದು ಮತ್ತೆ ಬರುತ್ತದೆ.

ಇನ್ನು ಮೂರನೆಯ ಭಾಗ, ಸ್ವತಂತ್ರ ಭಾರತ.

ಅರಣ್ಯ ಕಾನೂನು ಮುರಿದು ಜೈಲಿಗೆ ಹೋದವರ ಪೀಳಿಗೆಯೇ ಅಧಿಕಾರಕ್ಕೆ ಬಂತು. 1963ರ ಕರ್ನಾಟಕ ಅರಣ್ಯ ಕಾಯ್ದೆ 1927ರ ಭಾರತೀಯ ಅರಣ್ಯ ಕಾಯ್ದೆಯ ಅಚ್ಚಿನಲ್ಲೇ ಬಂತು. 1927ರದ್ದು 1878ರದ್ದರ ಅಚ್ಚಿನಲ್ಲಿ ಬಂದಿತ್ತು. 1963ರ ಕಾಯ್ದೆಯಲ್ಲಿ ಇರಾದೆಯ ಪ್ರಕಟಣೆ ನಾಲ್ಕನೆಯ ಕಲಮು, ಅಂತಿಮ ಪ್ರಕಟಣೆ 17ನೆಯ ಕಲಮು. ನಾಲ್ಕು ಆಗಿ, ಹಕ್ಕುಗಳ ವಿಚಾರಣೆ ಮುಗಿಯದೆ, ದಶಕಗಳಿಂದ 17ಕ್ಕೆ ಮುಟ್ಟದ ಊರುಗಳು ಮಲೆನಾಡಿನಲ್ಲಿವೆ. ಅಲ್ಲಿ ಮನೆ ಕಟ್ಟಿದವರು ತಮ್ಮ ಮನೆ ಊರಿನಲ್ಲಿದೆಯೋ ಕಾಡಿನಲ್ಲಿದೆಯೋ ಎಂದು ಖಚಿತವಾಗಿ ಹೇಳಲಾರರು. 1964ರ ಭೂಕಂದಾಯ ಕಾಯ್ದೆಯ 79ನೆಯ ಕಲಮು ಕುಮ್ಕಿ, ಬಾಣೆ, ಬೆಟ್ಟ, ಹಾಡಿ, ಕಾನು, ಸೊಪ್ಪಿನ ಬೆಟ್ಟಗಳ ಸವಲತ್ತು ಮುಂದುವರಿಯುತ್ತದೆ ಎಂದು ಒಪ್ಪಿತು. ಆದರೆ ಸವಲತ್ತು ಎಂದಷ್ಟೇ ಒಪ್ಪಿತು, ಹಕ್ಕು ಎನ್ನಲಿಲ್ಲ. 1894ರ ಭೂಸ್ವಾಧೀನ ಕಾಯ್ದೆ 2013ರ ಕೊನೆಯವರೆಗೂ ನಡೆಯಿತು. ಅದರ ಕಥೆ ನಿಮಗೆಲ್ಲ ಗೊತ್ತಿರುವಂಥದ್ದು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಗೆ ಊರು ಬಿಟ್ಟುಕೊಟ್ಟು ಶಿವಮೊಗ್ಗ ಜಿಲ್ಲೆಯ ಕಾಡಂಚಿಗೆ ಬಂದ ಶರಾವತಿ ಮುಳುಗಡೆಯ ಕುಟುಂಬಗಳಲ್ಲಿ ಅನೇಕರಿಗೆ ಸರ್ಕಾರವೇ ತೋರಿಸಿದ ನೆಲದ ಹಕ್ಕುಪತ್ರ ಇನ್ನೂ ಸಿಕ್ಕಿಲ್ಲ. ನಾಡಿಗೆಲ್ಲ ಬೆಳಕು ಕೊಟ್ಟವರನ್ನು ಒತ್ತುವರಿದಾರರೆಂದು ಕರೆಯುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ.

ಬಯಲುಸೀಮೆಯಲ್ಲಿ ಇದೇ ಸಮಸ್ಯೆಗೆ ಬಗರ್ ಹುಕುಂ ಎಂದು ಹೆಸರು. ನಮೂನೆ 50, ನಮೂನೆ 53, ನಮೂನೆ 57 ಎಂದು ಅರ್ಜಿಗಳ ಸರಣಿ ನಡೆದಿದೆ. ಗೋಮಾಳದ ಅಂಚಿನಲ್ಲಿ ಎರಡು ಎಕರೆ ಉಳುವ ಭೂಹೀನನೂ, ಕೆರೆಯಂಗಳ ನುಂಗಿದ ಬೆಂಗಳೂರಿನ ಬಡಾವಣೆಗಾರನೂ ಸರ್ಕಾರಿ ಭಾಷೆಯಲ್ಲಿ ಒಂದೇ. ಸಾರ್ವಜನಿಕ ನೆಲವನ್ನು ಕಾಯಲು 67ನೆಯ ಕಲಮು ಬೇಕು ಎಂಬ ವಾದದಲ್ಲಿ ಸತ್ಯವಿದೆ. ಅದಿಲ್ಲದಿದ್ದರೆ ಕೆರೆ, ಗೋಮಾಳ, ಸ್ಮಶಾನ ಎಲ್ಲವೂ ಇಷ್ಟೊತ್ತಿಗೆ ಸೈಟುಗಳಾಗುತ್ತಿದ್ದವು. ನನ್ನ ತಕರಾರು ಆ ಅಧಿಕಾರ ಇರುವುದಕ್ಕಲ್ಲ, ಎರಡು ಎಕರೆಯವನ ಮೇಲೆ ಸುಲಭವಾಗಿ ಬೀಳುವ ಅದು ಬಡಾವಣೆಗಾರನ ಮುಂದೆ ತಡವರಿಸುವುದಕ್ಕೆ.

ಈ ಎಣಿಕೆಯನ್ನು ತಲೆಕೆಳಗು ಮಾಡಿದ ಒಂದು ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹದಲ್ಲಿ ಎದ್ದ ಪ್ರಶ್ನೆಗೆ ದೇವರಾಜ ಅರಸು ಸರ್ಕಾರ 1974ರಲ್ಲಿ ಭೂಸುಧಾರಣೆಯ ಕಾನೂನಿನಿಂದ ಉತ್ತರ ಕೊಟ್ಟಿತು. ಗೇಣಿಯಲ್ಲಿದ್ದ ಜಮೀನೆಲ್ಲ ಆ ವರ್ಷದ ಮಾರ್ಚ್ 1ರಂದು ಸರ್ಕಾರಕ್ಕೆ ಬಂತು. ಗೇಣಿದಾರನ ಅರ್ಜಿ ಕೇಳಲು ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳಾದವು. ಉಪವಿಭಾಗಾಧಿಕಾರಿಯ ಜೊತೆ ಅಲ್ಲಿ ಅಧಿಕಾರಿಗಳಲ್ಲದ ಸದಸ್ಯರು ಕೂತರು, ಅವರಲ್ಲಿ ಪರಿಶಿಷ್ಟರ ಪ್ರತಿನಿಧಿಯೂ ಇರಬೇಕಿತ್ತು. ಮೊದಲ ವರ್ಷಗಳಲ್ಲಿ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಪಹಣಿಯಲ್ಲಿ ಹೆಸರಿಲ್ಲದ ಗೇಣಿದಾರ ನೆರೆಹೊರೆಯವರ ಸಾಕ್ಷಿ ಹೇಳಿಸಿ, ಈ ಗದ್ದೆ ಉತ್ತವನು ನಾನೇ ಎಂದು ತೋರಿಸಲು ದಾರಿಯಾಯಿತು. ತಪ್ಪುಗಳೂ ಆದವು, ಸಣ್ಣ ಹಿಡುವಳಿಯ ವಿಧವೆಯರಿಗೆ ಅನ್ಯಾಯವಾದ ಪ್ರಕರಣಗಳೂ ಇವೆ. ಆದರೂ ಕರಾವಳಿ, ಮಲೆನಾಡುಗಳಲ್ಲಿ ಒಂದು ತಲೆಮಾರಿನೊಳಗೆ ಗದ್ದೆಯ ಒಡೆತನ ಕೈ ಬದಲಿಸಿತು. ಕಾಗದದ ಜೊತೆಗೆ ಊರಿನ ಬಾಯಿಮಾತಿಗೂ ಬೆಲೆ ಕೊಟ್ಟರೆ ಏನು ಸಾಧ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಕಾಡಿಗೆ ಅಂಥ ಕಾನೂನು ಬರಲು 2006ರವರೆಗೆ ಕಾಯಬೇಕಾಯಿತು. ಅರಣ್ಯ ಹಕ್ಕು ಕಾಯ್ದೆಯ ಪೀಠಿಕೆಯೇ ಕಾಡಿನ ಜನರಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಒಪ್ಪಿಕೊಳ್ಳುತ್ತದೆ. ಒಂದು ಗಣರಾಜ್ಯ ತನ್ನ ಶಾಸನದಲ್ಲಿ ಹೀಗೆ ಬರೆದುಕೊಂಡದ್ದು ಸಣ್ಣ ಮಾತಲ್ಲ. ಅದರ ಬಲದಿಂದ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯದ ಅರಣ್ಯ ಹಕ್ಕು ಪಡೆದರು. ಅವರ ಹಿರಿಯರು ಹಿಂದೆ ಬೇಸಿಗೆಯ ಮೊದಲಿಗೆ ನೆಲಮಟ್ಟದ ತರಗು ಬೆಂಕಿ ಹಾಕುತ್ತಿದ್ದರು. ಇಲಾಖೆ ಅದನ್ನು ನಿಲ್ಲಿಸಿತು. ಈಗ ಆ ಬೆಟ್ಟದ ನೆಲವನ್ನು ಬಹುಮಟ್ಟಿಗೆ ಲಂಟಾನ ಮುಚ್ಚಿದೆ. 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಗಿಡವೆಂದು ತಂದದ್ದು ಅದು. ಬೆಂಕಿ ನಿಂತದ್ದಕ್ಕೂ ಲಂಟಾನ ಹಬ್ಬಿದ್ದಕ್ಕೂ ನಂಟಿದೆ ಎಂದು ಸೋಲಿಗರು ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ.

ಆದರೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲದವರಿಗೆ ಇದೇ ಕಾಯ್ದೆ ಒಂದು ಷರತ್ತು ಹಾಕಿದೆ. 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡಿನಲ್ಲಿ ನೆಲೆಸಿ ಅದನ್ನೇ ಅವಲಂಬಿಸಿದ್ದನ್ನು ತೋರಿಸಬೇಕು. ಲೆಕ್ಕ ಹಾಕಿ ನೋಡಿ, 1930ಕ್ಕೆ ಬಂದು ನಿಲ್ಲುತ್ತದೆ. ಅರಣ್ಯ ಕಾನೂನಿನ ವಿರುದ್ಧ ಉತ್ತರ ಕನ್ನಡ ಎದ್ದು ನಿಂತ ವರ್ಷ ಅದು. ಜೋಯಿಡಾದ ಕುಣಬಿಗಳು, ಅಂಕೋಲದ ಹಾಲಕ್ಕಿಗಳು ತಮ್ಮ ಅಜ್ಜ ಆಗ ಅಲ್ಲಿದ್ದ ಎಂಬುದಕ್ಕೆ ಪುರಾವೆ ತರಬೇಕು. ಯಾವ ಆಡಳಿತ ಅವರ ಅಜ್ಜನ ಹೆಸರನ್ನು ಪುಸ್ತಕದಿಂದ ಹೊರಗಿಟ್ಟಿತೋ ಅದೇ ಆಡಳಿತದ ಪುಸ್ತಕವನ್ನು ಅವರ ಬಳಿ ಕೇಳುತ್ತಿದ್ದೇವೆ. 2019ರ ಫೆಬ್ರುವರಿಯಲ್ಲಿ, ಅರ್ಜಿ ತಿರಸ್ಕೃತವಾದವರನ್ನು ತೆರವುಗೊಳಿಸಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿ, ಅದೇ ತಿಂಗಳ ಕೊನೆಗೆ ಅದನ್ನು ತಡೆಹಿಡಿಯಿತು. ಆ ದಿನಗಳಲ್ಲಿ ಕಾಡಂಚಿನ ಮನೆಗಳಲ್ಲಿ ಎಷ್ಟು ಜನ ನಿದ್ದೆಗೆಟ್ಟಿದ್ದರೋ.

ನಾವು ಈಗ ಮಾಡಬಹುದಾದ ಮೂರು ಕೆಲಸಗಳು ನನ್ನ ಕಣ್ಣಿಗೆ ಕಾಣುತ್ತವೆ. ಮೊದಲನೆಯದು, ತಾಲ್ಲೂಕು ಕಚೇರಿಗಳ ಅಭಿಲೇಖಾಲಯದ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ. ಅವು ಅರ್ಜಿದಾರರಿಗೆ ಶುಲ್ಕವಿಲ್ಲದೆ, ಅವರ ಊರಿನಲ್ಲೇ ಸಿಗಬೇಕು, ಮೋಡಿ ಲಿಪಿಯಲ್ಲಿರುವ ಕಡತಗಳನ್ನು ಓದಿಕೊಡುವವರೂ ಇರಬೇಕು. ಎರಡನೆಯದು, 67ನೆಯ ಕಲಮಿನ ಕೆಳಗೆ ಯಾವುದೇ ಕುಟುಂಬಕ್ಕೆ ನೋಟಿಸು ಕೊಡುವಾಗ, ಆ ನೆಲ ಸರ್ಕಾರಕ್ಕೆ ಯಾವ ವರ್ಷ, ಯಾವ ಪ್ರಕಟಣೆಯಿಂದ ಬಂತು ಎಂದು ನೋಟಿಸಿನಲ್ಲೇ ಬರೆಯುವುದನ್ನು ಕಡ್ಡಾಯ ಮಾಡಬೇಕು. ಮೂರನೆಯದಕ್ಕೆ ಹೊಸ ಕಾನೂನೇ ಬೇಕಿಲ್ಲ. ಅರಣ್ಯ ಹಕ್ಕು ನಿಯಮಗಳ 13ನೆಯ ನಿಯಮ ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ಸ್ವೀಕರಿಸಬಹುದು ಎನ್ನುತ್ತದೆ. ಹಳೆಯ ಬಾವಿ, ಸಮಾಧಿ, ಮನೆಯ ಅಡಿಪಾಯವನ್ನೂ ಪುರಾವೆ ಎಂದು ಒಪ್ಪುತ್ತದೆ. ಉಪವಿಭಾಗದ ಸಮಿತಿಗಳು ಈ ನಿಯಮವನ್ನು ಓದಿ, ಕಾಗದವಿಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಿದ ಅರ್ಜಿಗಳನ್ನು ಮತ್ತೆ ತೆರೆಯಬೇಕು. 1930ರ ಹೊತ್ತಿಗೆ ಹುಟ್ಟಿದ್ದವರಲ್ಲಿ ಇಂದು ಬದುಕಿರುವವರು ಬೆರಳೆಣಿಕೆಯಷ್ಟು. ಅವರ ಹೇಳಿಕೆಯನ್ನು ಈ ವರ್ಷವೇ ಬರೆದುಕೊಳ್ಳಬೇಕು.